ಷರಾ ಕಾಲಂ ಇಲ್ಲದ ಪಟ್ಟಿ

ತೊಂಬತ್ತರ ದಶಕ ಅರ್ಧ ಕಳೆದಿತ್ತು. ನಾನು ದಿನಾ ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಎರಡು ಕೋಣೆ, ಹನ್ನೆರಡು ಟೈಪ್‌ರೈಟರ್, ಬೆಳಿಗ್ಗೆ ಏಳರಿಂದ ತಾಸಿಗೊಂದು ತಂಡ. ಇಪ್ಪತ್ಮೂರರ ನನಗೆ ಕೂತಲ್ಲಿ ಕೂರುವ ಗುಣ ಇರಲಿಲ್ಲ. ಹುಡುಗಿಯರು ಒಂದೇ ಸಾಲನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದರೆ ನಾನು ಬಾಗಿಲಿಗೆ ಹೋಗಿ ಬರುತ್ತಿದ್ದೆ, ನೀರು ಕುಡಿಯುತ್ತಿದ್ದೆ, ಯಾರದೋ ರಿಬ್ಬನ್ ಬಿಚ್ಚಿ ಸುತ್ತುತ್ತಿದ್ದೆ. ಬೇರೆ ಏನಾದರೂ ಆಗಬೇಕು ಅನಿಸುತ್ತಿತ್ತು. ಏನು ಅಂತ ಗೊತ್ತಿರಲಿಲ್ಲ.

ಆ ವರ್ಷ ನಮ್ಮ ಕ್ಲಾಸಿನ ಮಾಲೀಕರು ಹೈದರಾಬಾದಿನಿಂದ ಒಂದು ಕಂಪ್ಯೂಟರ್ ತಂದರು. ಒಳಕೋಣೆಗೆ ಪರದೆ ಬಂತು, ನೆಲಕ್ಕೆ ಜಮಖಾನೆ ಬಂತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು ಎಂದು ಬೋರ್ಡು ಬರೆಸಿದರು. ಮಷೀನಿಗೆ ಹೂವಿನ ಚಿತ್ರದ ಮುಸುಕು ಹೊಲಿಸಿದವಳು ನಾನು. ಮೊದಲ ತಿಂಗಳು ಊರ ಮಂದಿ ಬಂದು ನೋಡಿ ಹೋದದ್ದೇ ಆಯಿತು. ಕೈಪಿಡಿ ಓದಿ, ತಪ್ಪು ಮಾಡಿ, ಮತ್ತೆ ಓದಿ, ಮಾಲೀಕರಿಗಿಂತ ಮೊದಲು ಅದನ್ನು ನಡೆಸಲು ಕಲಿತವಳು ನಾನೇ. ಅದರ ಮುಂದೆ ಕೂತಾಗ ಮಾತ್ರ ನನ್ನ ಕಾಲು ಸುಮ್ಮನಿರುತ್ತಿತ್ತು.

ದಸರೆ ಕಳೆದ ಮೇಲೆ ಮಾಲೀಕರು ಒಂದು ಕೆಲಸ ಹಿಡಿದು ಬಂದರು. ಶಿಕ್ಷಣ ಇಲಾಖೆ ಪ್ರಯೋಗಕ್ಕೆಂದು ಆರಿಸಿದ ಕೆಲವು ಪ್ರಾಥಮಿಕ ಶಾಲೆಗಳ ಮಕ್ಕಳ ಹೆಸರನ್ನು ಕಂಪ್ಯೂಟರಿಗೆ ಏರಿಸಬೇಕು. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಮಾಸ್ತರರು, ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಗುಂಡಿ ಒತ್ತಿದರೆ ಗೊತ್ತಾಗಬೇಕು. ಅರ್ಧ ಶಾಲೆಗಳು ಸಿಂಧನೂರಿನ ಕಡೆಯವು, ಕಾಲುವೆ ನೀರಿನ ಊರುಗಳವು. ಇನ್ನರ್ಧ ಮಸ್ಕಿ ಸುತ್ತಲಿನ ಮಳೆ ಆಶ್ರಯದ ಊರುಗಳವು.

ಪಟ್ಟಿಗಳು ಬಟ್ಟೆಯಲ್ಲಿ ಗಂಟು ಕಟ್ಟಿದ ಬಸ್ತಾಗಳಲ್ಲಿ ಬಂದವು. ಮೊದಲು ಕಾಲುವೆ ಕಡೆಯವು, ಒಂದೂವರೆ ತಿಂಗಳು ಬಿಟ್ಟು ನಮ್ಮ ಕಡೆಯವು. ಕೈಬರಹ ಒಬ್ಬೊಬ್ಬರದು ಒಂದೊಂದು ಥರ. ಆಗ ನಮ್ಮ ಮಷೀನಿಗೆ ಕನ್ನಡ ಬರುತ್ತಿರಲಿಲ್ಲ, ಎಲ್ಲ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ನಮ್ಮ ಸೀಮೆಯ ಅರ್ಧ ಹೆಣ್ಣುಮಕ್ಕಳಿಗೆ ಒಂದೇ ದೇವಿಯ ಹೆಸರು. ಹುಟ್ಟಿದ ತಾರೀಖು ಕೇಳಿದರೆ ಮುಕ್ಕಾಲು ಮಕ್ಕಳದು ಜೂನ್ ಒಂದು. ತಾಯಿಗೆ ನೆನಪಿಲ್ಲದ ತಾರೀಖನ್ನು ಮಾಸ್ತರು ಇನ್ನೇನು ಬರೆದಾರು.

ನಾನು ಬಿರುಸಿನಿಂದ ಹೊಡೆದೆ. ಬಂದವರೆಲ್ಲ ನಿಂತು ನೋಡುವಷ್ಟು ಬಿರುಸು. ಪಟ್ಟಿಯ ಹಾಳೆ ಅಗಲವಾಗಿತ್ತು. ಕೊನೆಯಲ್ಲಿ ಷರಾ ಎಂದೊಂದು ಕಾಲಂ, ಮಾಸ್ತರರು ಏನಾದರೂ ಹೇಳುವುದಿದ್ದರೆ ಅಲ್ಲಿ ಬರೆಯಲಿ ಎಂದು. ನಮ್ಮ ಪ್ರೋಗ್ರಾಮಿನಲ್ಲಿ ಷರಾಕ್ಕೆ ಜಾಗ ಇರಲಿಲ್ಲ. ಆ ಕಡೆ ಕಣ್ಣು ಹೋದರೆ ಕೈ ನಿಧಾನ ಆಗುತ್ತಿತ್ತು. ಅದಕ್ಕೆ ನಾನು ಹಾಳೆಯ ಆ ಅಂಚನ್ನು ಹಿಂದಕ್ಕೆ ಮಡಿಚಿ, ಅಡಿಕೋಲಿನಿಂದ ಗೀಚಿ ಒತ್ತಿ, ಕೆಲಸಕ್ಕೆ ಕೂರುತ್ತಿದ್ದೆ.

ಜನವರಿಯಲ್ಲಿ ಕೆಲಸ ಮುಗಿಯಿತು. ಮುಗಿದ ದಿನವೇ ನನಗೆ ಚಡಪಡಿಕೆ ಸುರುವಾಯಿತು. ಇನ್ನೂ ಏನಾದರೂ ಮಾಡಿ ತೋರಿಸಬೇಕು. ಕೈಪಿಡಿಯಲ್ಲಿ ಒಂದು ವಿದ್ಯೆ ಓದಿದ್ದೆ: ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಮೂರೂ ಒಂದೇ ಇದ್ದರೆ ಅಂಥವನ್ನು ಮಷೀನು ಹುಡುಕಿ ಒಂದೆಡೆ ಸೇರಿಸುತ್ತದೆ. ಯಾರೂ ಹೇಳಿರಲಿಲ್ಲ, ನಾನೇ ಮಾಡಿದೆ. ಪರದೆಯ ಮೇಲೆ ಹೆಸರುಗಳು ಜೋಡಿ ಜೋಡಿಯಾಗಿ ಬಂದವು. ಒಂದು ಕಾಲುವೆ ಶಾಲೆಯದು, ಒಂದು ನಮ್ಮ ಕಡೆಯದು. ಅದರಲ್ಲೂ ಮಸ್ಕಿ ಆಚೆ, ಗುಡ್ಡದ ಬುಡದ ಒಂದು ಹಳ್ಳಿಯ ಹೆಸರುಗಳೇ ಹೆಚ್ಚು. ಮಾಲೀಕರನ್ನು ಕರೆದು ತೋರಿಸಿದೆ.

"ಒಂದ ಮಗು ಎರಡು ಸಾಲ್ಯಾಗ ಹೆಂಗಿರತೈತಿ?" ಅಂದರು ಅವರು. "ಇವು ಕಳ್ಳ ಹೆಸರು. ಒಂದು ತಗದು ಹಾಕು."

ಯಾವುದನ್ನು ತೆಗೆಯಬೇಕು ಎಂದು ಇಬ್ಬರೂ ಯೋಚಿಸಲಿಲ್ಲ. ಮೊದಲು ಏರಿಸಿದ್ದು ಉಳಿಯಲಿ, ಆಮೇಲಿನದು ಹೋಗಲಿ ಎಂದು ನಾನು ಮಷೀನಿಗೆ ಹೇಳಿದೆ. ಗುಡ್ಡದ ಹಳ್ಳಿಯ ಬಸ್ತಾ ಎಲ್ಲಕ್ಕಿಂತ ತಡವಾಗಿ ಬಂದಿತ್ತು.

ಪಟ್ಟಿ ನೋಡಲು ಇಲಾಖೆಯ ಸಾಹೇಬರೊಬ್ಬರು ಬಂದರು. ಅಳಿಸಿದ ಹೆಸರುಗಳ ಉದ್ದನೆಯ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, "ಇಷ್ಟು ದಿನ ನಮ್ಮ ಕಣ್ಣಿಗೆ ಮಣ್ಣು ಹಾಕ್ಯಾರ ನೋಡ್ರಿ. ಯಾರು ಹುಡಿಕಿದ್ದು ಇದನ್ನ?" ಅಂದರು. ಮಾಲೀಕರು ನನ್ನ ಕಡೆ ಕೈ ತೋರಿಸಿದರು. ಆ ದಿನ ಎಲ್ಲರಿಗೂ ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ. ಸಂಜೆ ಮಸ್ಕಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ನಗುತ್ತಾ ಬಂದೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ಐವತ್ತರ ಆಸುಪಾಸಿನ ಒಬ್ಬರು ಬಾಗಿಲಲ್ಲಿ ನಿಂತರು. ಬಿಳಿ ಅಂಗಿ, ಹೆಗಲಿಗೆ ಟವೆಲು, ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಾಜರಿ ಪುಸ್ತಕ. ಬೋರ್ಡು ಓದಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಗುಡ್ಡದ ಹಳ್ಳಿಯ ಶಾಲೆಯ ಮಾಸ್ತರು.

"ತಂಗಿ, ಒಂದರಿಂದ ಐದನೇ ಕ್ಲಾಸಿನ ತನಕ ಕಲಸಾಕ ನಾವು ಇಬ್ರಿದ್ವಿ. ಈಗ ನಾ ಒಬ್ಬನಾ. ಮಕ್ಕಳು ಕಡಿಮಿ ಆಗ್ಯಾವಂತ ಇನ್ನೊಬ್ಬರನ್ನ ಬ್ಯಾರೆ ಊರಿಗೆ ಹಾಕ್ಯಾರ. ಯಾವ ಮಕ್ಕಳು ಕಡಿಮಿ ಆದ್ವು ಅಂತ ಕೇಳಿದ್ರ ಕಂಪ್ಯೂಟರ್ನಾಗ ಐತಿ ಅಂದ್ರು. ಕಂಪ್ಯೂಟರ್ ಎಲ್ಲೈತಿ ಅಂದ್ರ ಇಲ್ಲಿ ಐತಿ ಅಂದ್ರು."

ನಾನು ಅಳಿಸಿದ ಹೆಸರುಗಳ ಪಟ್ಟಿಯನ್ನು ಪ್ರಿಂಟರಿಗೆ ಹಾಕಿದೆ. ಅದು ಕಿರ್ ಕಿರ್ ಎಂದು ಸಾಲು ಸಾಲು ಹೊಡೆಯುವಷ್ಟು ಹೊತ್ತೂ ಮಾಸ್ತರು ಅದರ ಮುಂದೆ ಬಗ್ಗಿ ನಿಂತಿದ್ದರು. ಹಾಳೆ ಹರಿದು ಕೊಟ್ಟೆ. ಬೆರಳಿಟ್ಟು ಒಂದೊಂದೇ ಹೆಸರು ಓದಿದರು.

"ಇಕಿ ಬರತಾಳ. ಇವ ದಿನಾ ತಡಾ ಮಾಡತಾನ, ಆದ್ರೂ ಬರತಾನ. ಇವರಿಬ್ಬರು ಅಕ್ಕ ತಂಗಿ." ಕೊನೆಯ ತನಕ ಹೋಗಿ ತಲೆ ಎತ್ತಿದರು. "ಇದರಾಗ ಸುಳ್ಳು ಹೆಸರು ಒಂದೂ ಇಲ್ಲ ತಂಗಿ. ಭತ್ತದ ನಾಟಿಗೆ, ಕೊಯ್ಲಿಗೆ ಇವರಾಗ ಭಾಳ ಮಕ್ಕಳ ತಂದಿ ತಾಯಿ ಕಾಲುವಿ ಕಡೆ ಹೋಗತಾರ. ಮಕ್ಕಳನ್ನೂ ಕರಕೊಂಡು ಹೋಗತಾರ. ಅಲ್ಲಿ ಸಾಲಿಗೆ ಹೋಗ್ರಿ ಅಂತ ನಾನ ಹೇಳಿ ಕಳಸ್ತೀನಿ. ಷರಾದಾಗ ಎಲ್ಲಾ ಬರದಿದ್ನಲ್ಲ, ನೋಡಲಿಲ್ಲೇನು?"

ಬಸ್ತಾ ಇನ್ನೂ ನಮ್ಮಲ್ಲೇ ಅಟ್ಟದ ಮೇಲೆ ಇತ್ತು. ಇಳಿಸಿ ಬಿಚ್ಚಿದೆ. ಅವರ ಶಾಲೆಯ ಹಾಳೆಗಳ ಅಂಚು ಹಿಂದಕ್ಕೆ ಮಡಿಚಿತ್ತು. ಬಿಡಿಸಿದೆ. ನೀಲಿ ಶಾಯಿಯ ಸಣ್ಣ ಅಕ್ಷರ, ಸಾಲಿನ ಕೆಳಗೆ ಸಾಲು: ನಾಟಿಗೆ ಹೋಗಿದೆ, ಮರಳಿ ಬರುವುದು. ನಾಟಿಗೆ ಹೋಗಿದೆ, ಅಲ್ಲಿಯ ಶಾಲೆಗೆ ಹಾಜರು. ಕೆಲವು ಕಡೆ ಅಲ್ಲಿಯ ಶಾಲೆಯ ಹೆಸರನ್ನೂ ಬರೆದಿದ್ದರು.

ಮಾಸ್ತರು ಆ ಮಡಿಕೆಯ ಗೆರೆ ನೋಡಿದರು. ನೀರು ಕೇಳಿದರು. ಕುಡಿದು ಲೋಟ ಕೆಳಗಿಟ್ಟು, "ಕಂಪ್ಯೂಟರಿಗೆ ಷರಾ ಇಲ್ಲೇನು?" ಅಂದರು.

"ಇಲ್ರಿ ಸರ್."

"ಹಂಗಾದ್ರ ಇದು ಅದರ ಕೆಲಸ."

"ಹೌದ್ರಿ, ಮಷೀನ ತಾನಾ ತಗದು ಹಾಕತೈತಿ," ಅಂದೆ ನಾನು.

ಯಾಕೆ ಹಾಗೆ ಅಂದೆನೋ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಹೋದರು.

ಅಂದಿನಿಂದ ನನ್ನ ಮನಸ್ಸು ನೆಲೆ ನಿಲ್ಲಲಿಲ್ಲ. ಕಲಿಸುವಾಗ ಯಾರೋ ಏನೋ ಕೇಳಿದರೆ ಇನ್ನೇನೋ ಹೇಳುತ್ತಿದ್ದೆ. ಊಟಕ್ಕೆ ಕೂತು ಎದ್ದು ಬಿಡುತ್ತಿದ್ದೆ. ಒಂದು ದಿನ ಗುಡ್ಡದ ಹಳ್ಳಿಯ ಕಡೆಗೆ ಹೋಗುವ ಬಸ್ಸು ಹತ್ತಿ, ಅದು ಸುರುವಾಗುವ ಮೊದಲೇ ಇಳಿದೆ. ನನ್ನ ಕೆಲಸ ಹೆಸರು ಹೊಡೆಯುವುದು, ಉಳಿದದ್ದು ಮೇಲಿನವರದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹೊಡೆಯುವುದಷ್ಟೇ ನನ್ನ ಕೆಲಸ ಆಗಿದ್ದರೆ ಅಳಿಸಿದ್ದು ಯಾರು? ಒಬ್ಬ ಮಾಸ್ತರು ಐದು ಕ್ಲಾಸಿನ ಮಕ್ಕಳ ನಡುವೆ ಓಡಾಡುವುದು ಕಣ್ಣಿಗೆ ಕಟ್ಟುತ್ತಿತ್ತು. ನಾನು ಎಂದೂ ನೋಡದ ಶಾಲೆ ಅದು.

ನಮ್ಮಪ್ಪ ಮಸ್ಕಿಯ ಒಂದು ಶಾಲೆಯಲ್ಲಿ ಜವಾನರಾಗಿದ್ದು ನಿವೃತ್ತರಾದವರು. ಕಡೆಗೆ ಒಂದು ಸಂಜೆ ಅವರ ಮುಂದೆ ಎಲ್ಲ ಹೇಳಿದೆ. ಅವರು ಬೀಡಿ ಆರಿಸಿ ಕೇಳಿದರು.

"ಮಾಸ್ತರಿಗೆ ಸುಳ್ಳು ಯಾಕ ಹೇಳಿದೆವ್ವ?"

"ಅಂಜಿಕಿ ಬಂತು."

"ಅಂಜಿಕಿ ಹೋಗ್ಯಾದೇನು ಈಗ?"

"ಇಲ್ಲ."

"ಹಂಗಾರ ಸುಳ್ಳು ಹೇಳಿ ಏನು ಬಂತು?" ಅಂದರು. ಆಮೇಲೆ ಆರಿಸಿದ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿ, "ಮಕ್ಕಳು ಈಗ ನಾಟಿಗೆ ಹೋಗಿರತಾವ. ಮೊದಲ ನೀ ಹೋಗಿ ಕಣ್ಣೀಲೆ ನೋಡು. ನಾ ಬರತೀನಿ."

ಆಗಸ್ಟಿನ ಒಂದು ಶನಿವಾರ ಇಬ್ಬರೂ ಹೊರಟೆವು. ಮುಂಜಾನೆಯ ಶಾಲೆ ಬಿಡುವುದರೊಳಗೆ ಮುಟ್ಟಬೇಕು. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಆರ್.ಎಚ್. ಕ್ಯಾಂಪಿನ ಬಂಗಾಳಿ ಹೆಂಗಸರು ತಮ್ಮ ಭಾಷೆಯಲ್ಲಿ ಗಲಗಲ ಮಾತಾಡುತ್ತ ಬುಟ್ಟಿ ಇಳಿಸುತ್ತಿದ್ದರು. ಅಲ್ಲಿಂದ ದಢೇಸುಗೂರಿನ ಬಸ್ಸು. ಮಸ್ಕಿಯಲ್ಲಿ ಸಜ್ಜೆ ಬಾಡಿ ನಿಂತಿದ್ದರೆ ಇಲ್ಲಿ ಎರಡೂ ಕಡೆ ನೀರು, ನೀರಿನಲ್ಲಿ ಸಾಲಾಗಿ ಬಗ್ಗಿದ ಹೆಂಗಸರು. ಮಾಸ್ತರು ಷರಾದಲ್ಲಿ ಬರೆದಿದ್ದ ಊರು ಬರುತ್ತಲೇ ಇಳಿದೆವು. ಕಾಲುವೆಯ ದಂಡೆಯ ಮೇಲೆ ತಾಡಪಾಲಿನ ಗುಡಿಸಲುಗಳು, ಅದರಾಚೆ ಶಾಲೆ.

ಅಲ್ಲಿ ಕಲಿಸುತ್ತಿದ್ದ ಅಕ್ಕೋರು ನನ್ನದೇ ವಯಸ್ಸಿನವರು. ಬಂದ ಕಾರಣ ಕೇಳಿ ಹಾಜರಿ ಪುಸ್ತಕ ತೆಗೆದು ತೋರಿಸಿದರು. ಊರಿನ ಮಕ್ಕಳ ಹೆಸರು ಮುಗಿದ ಮೇಲೆ ಒಂದು ಗೆರೆ, ಅದರ ಕೆಳಗೆ ನಾಟಿ ಮಕ್ಕಳದು. "ಹೊರಗ ನಿಂತು ನೋಡತಿದ್ವು. ಒಳಗ ಕರದು ಹೆಸರು ಬರಕೊಂಡೆ. ಬಂದ ಮಗೂನ ಹೆಸರು ಬರೀದ ಕುಂದರಸಾಕ ಬರಂಗಿಲ್ಲಲ್ರಿ," ಅಂದರು. ನನಗೆ ಕಳಿಸಿದ ಪಟ್ಟಿಯಲ್ಲಿ ಆ ಗೆರೆ ಇರಲಿಲ್ಲ. ಯಾರೋ ನಕಲು ಮಾಡುವಾಗ ಬಿಟ್ಟಿದ್ದರು. ಗೆರೆಯ ಮೇಲಿನ, ಕೆಳಗಿನ ಹೆಸರುಗಳನ್ನೂ ಹಾಜರಿ ನಂಬರನ್ನೂ ಬರೆದುಕೊಂಡೆ.

ಅಪ್ಪ ಬಾಗಿಲ ಹೊರಗೇ ನಿಂತಿದ್ದರು. ಹಳೆಯ ರೂಢಿ, ಕ್ಲಾಸು ನಡೆಯುವಾಗ ಒಳಗೆ ಕಾಲಿಡುತ್ತಿರಲಿಲ್ಲ. ನಾನು ನನ್ನ ಪಟ್ಟಿ ಹಿಡಿದು ಹೆಸರು ಕರೆದೆ. ಒಂದೊಂದೇ ಕೈ ಮೇಲೆ ಬಂತು. ಏಳೆಂಟು ತಿಂಗಳ ಹಿಂದೆ ನಾನು ಅಳಿಸಿದ ಹೆಸರುಗಳು "ಹಾಜರ್ರಿ, ಹಾಜರ್ರಿ" ಎನ್ನುತ್ತಿದ್ದವು. ನಾನು ಒಂದೊಂದು ಹೆಸರನ್ನೂ ಎರಡೆರಡು ಸಲ ಕರೆದೆ. ಮಕ್ಕಳಿಗೆ ಅದು ತಮಾಷೆಯಾಗಿ ಕಂಡಿರಬೇಕು, ನಗತೊಡಗಿದವು.

ಮುಂದಿನ ಸಾಲಿನಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ. ಲಂಗದ ಅಂಚು ಕೆಸರಿಗೆ ಗಟ್ಟಿಯಾಗಿತ್ತು. ಬೆರಳ ತುದಿಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ದಿನಾ ಮಧ್ಯಾಹ್ನದ ಮೇಲೆ ಆಕೆಯೂ ತಾಯಿಯ ಜೊತೆ ಸಸಿ ಹಚ್ಚುತ್ತಿದ್ದಳು.

"ಯಾವ ಸಾಲಿ ನಿಂದು?" ಎಂದು ಕೇಳಿದೆ.

"ಎರಡೂ ನಂದಾ."

"ಓದು ಹೆಂಗ ನಡದೈತಿ?"

ಆಕೆ ಬೆರಳು ಮಡಿಚಿ ಎಣಿಸಿದಳು. "ಊರಾಗ ಮಾಸ್ತರು ಐದನೇ ಪಾಠ ಮುಗಿಸಿದ್ರಿ. ಇಲ್ಲಿ ಬಂದ್ರ ಅಕ್ಕೋರು ಐದನೇ ಪಾಠನ ಹಿಡದಿದ್ರು. ಇಲ್ಲಿ ಆರನೇದು ಸುರು ಆಗೂದ್ರಾಗ ನಾವು ಊರಿಗೆ ಹೋಗತೀವಿ. ಹ್ವಾದ ವರ್ಸ ಹಿಂಗಾ ಆತು. ಅಷ್ಟೊತ್ತಿಗೆ ಊರಾಗ ಏಳನೇದು ನಡದಿರತೈತಿ. ಆರನೇದು ಎಲ್ಲೂ ಸಿಗಂಗಿಲ್ರಿ."

ಹೇಳುವಾಗ ಆಕೆಗೆ ಬೇಸರವೇನೂ ಇರಲಿಲ್ಲ. ಬಸ್ಸು ಇಷ್ಟು ಹೊತ್ತಿಗೆ ಬರುತ್ತದೆ ಅಂದ ಹಾಗೆ ಹೇಳಿದಳು. ಅಕ್ಕೋರು ನನ್ನ ಮುಖ ನೋಡಿದರು. ನಾನು ಆಕೆಯ ಪಕ್ಕ ಕೂತು ಆರನೇ ಪಾಠವನ್ನು ಓದಿಸಿದೆ. ಒಂದು ಪಾಠ ಓದಿಸಿದರೆ ಏನಾಗುತ್ತದೆ, ಏನೂ ಆಗುವುದಿಲ್ಲ, ಆದರೂ ಓದಿಸಿದೆ.

ಮರುದಿನ ಭಾನುವಾರ. ಗುಡ್ಡದ ಹಳ್ಳಿಗೆ ಒಬ್ಬಳೇ ಹೋದೆ. ಮಾಸ್ತರು ಶಾಲೆಯ ಕಟ್ಟೆಯ ಮೇಲೆ ಕೂತು ಚಾಪೆ ಹೊಲಿಯುತ್ತಿದ್ದರು. ನಿಂತೇ ಹೇಳಿದೆ: "ಸರ್, ಮಷೀನ ತಾನಾ ತಗದು ಹಾಕಲಿಲ್ರಿ. ನಾ ಹಾಕಿದ್ದು. ಯಾರೂ ಹೇಳಿರಲಿಲ್ಲ, ನಾನಾ ಹುಡಿಕಿ ತೋರಿಸಿದ್ದು."

ಅವರು ಸೂಜಿ ಚಾಪೆಗೆ ಚುಚ್ಚಿಟ್ಟರು. "ಅವತ್ತಾ ಗೊತ್ತಾತು. ಮಷೀನಿಗೆ ಹಾಳಿ ಮಡಚಾಕ ಬರತೈತೇನು?"

"ಮತ್ತ ಯಾಕ ಏನೂ ಅನಲಿಲ್ರಿ?"

"ಏನ ಅನ್ನಲಿ. ಹೇಳಾಕ ಬಂದಿಯಲ್ಲ. ಕುಂದ್ರು."

ಆ ದಿನ ಇಬ್ಬರೂ ಕೂತು ಪ್ರತಿ ಮಗುವಿನ ಮುಂದೆ ಎರಡೂ ಶಾಲೆಯ ಹಾಜರಿ ನಂಬರು ಬರೆದೆವು. ಆಗ ಇನ್ನೊಂದು ಸಂಗತಿ ಹೊರಬಿತ್ತು. ಅಳಿಸಿದವರಲ್ಲಿ ಕೆಲವು ಮಕ್ಕಳು ನಾಟಿಗೇ ಹೋದವರಲ್ಲ. ಕಾಲುವೆ ಊರಿನಲ್ಲಿ ಅದೇ ಹೆಸರಿನ ಬೇರೆ ಮಕ್ಕಳಿದ್ದರು, ತಂದೆಯ ಹೆಸರೂ ಅದೇ, ಹುಟ್ಟಿದ್ದೂ ಜೂನ್ ಒಂದೇ.

ಸೋಮವಾರ ಮಾಲೀಕರಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು.

"ಕೆಲಸ ಮುಗಿಸಿ ಕೊಟ್ಟಾಯ್ತು. ಈಗ ತಪ್ಪಾಗೈತಿ ಅಂದ್ರ ಮುಂದ ಯಾರು ನಮಗ ಕೆಲಸ ಕೊಡತಾರ?"

"ತಪ್ಪು ನಂದು ಅಂತ ಬರದು ಕೊಡತೀನ್ರಿ. ಕ್ಲಾಸಿನ ಹೆಸರು ತರಂಗಿಲ್ಲ."

"ನೀ ಬ್ಯಾರೆ, ಕ್ಲಾಸು ಬ್ಯಾರೆ ಅಂತ ಯಾರು ತಿಳಕೊಂತಾರವ್ವ?" ಎಂದು ಎದ್ದು ಹೋದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಒಳಕೋಣೆಗೆ ಬೀಗ. ಮೂರನೇ ದಿನ ಬಂದು ಕೀಲಿಯನ್ನು ನನ್ನ ಟೈಪ್‌ರೈಟರಿನ ಮೇಲಿಟ್ಟು, "ನಾ ನಾಳಿ ಊರಾಗ ಇರಂಗಿಲ್ಲ," ಅಂದು ಹೊರಟರು. 

ಮರುದಿನ ಕರೆಂಟು ನಾಲ್ಕು ಸಲ ಹೋಯಿತು. ಹೊಡೆದದ್ದು ಎರಡು ಸಲ ಅಳಿಸಿಹೋಯಿತು. ಸಂಜೆಯ ಹೊತ್ತಿಗೆ ಪಟ್ಟಿ ಸಿದ್ಧವಾಗಿತ್ತು: ಮಗುವಿನ ಹೆಸರು, ಊರ ಶಾಲೆ, ನಾಟಿಯ ಶಾಲೆ, ಕೊನೆಯಲ್ಲಿ ಷರಾ. ಆ ಕಾಲಂ ಮಾಡಲು ಬೇಕಾದದ್ದು ಅರ್ಧ ತಾಸು.

ಅದಕ್ಕೆ ಎರಡೂ ಶಾಲೆಯವರ ಸಹಿ ಹಾಕಿಸಿಕೊಂಡು ಸಾಹೇಬರ ಮುಂದೆ ಮಾಸ್ತರು, ಅಪ್ಪ, ನಾನು ಮೂವರೂ ನಿಂತೆವು. ಅವರಿಗೆ ನನ್ನ ಗುರುತು ಹತ್ತಿತು. ಹಾಳೆಗಳನ್ನು ತಿರುವಿ, ಎರಡೂ ಶಾಲೆಯ ಸಹಿ ನೋಡಿ, "ಅಂದ್ರ ಕಂಪ್ಯೂಟರ್ ತಪ್ಪು ಮಾಡೇತಿ ಅನ್ನು," ಅಂದರು.

"ಇಲ್ಲ ಸರ್. ಅದು ಒಂದೇ ಥರದ ಹೆಸರು ತೋರಿಸಿತು. ಅವು ಸುಳ್ಳು ಅಂದವಳು ನಾನು."

ಅವರು ಹಾಳೆಗಳನ್ನು ಮತ್ತೊಮ್ಮೆ ಮೊದಲಿನಿಂದ ತಿರುವಿದರು. ತಾವೇ ಆ ದಿನ ಆಡಿದ ಮಾತು ನೆನಪಾಗಿತ್ತೋ ಏನೋ. ಕಡೆಗೆ ಒಂದು ಬಿಳಿ ಹಾಳೆ ನನ್ನ ಕಡೆ ಸರಿಸಿ, "ನಡದದ್ದು ನಡದಂಗ ಬರಿ," ಅಂದರು. ಬರೆದೆ. ಕೆಳಗೆ ಸಹಿ ಹಾಕಿದೆ.

ಮುಂದಿನ ವರ್ಷದ ಪಟ್ಟಿಯಲ್ಲಿ ಆ ಹೆಸರುಗಳು ವಾಪಸು ಬಂದವು. ಆದರೆ ಹೋದ ಮಾಸ್ತರು ವಾಪಸು ಬರಲಿಲ್ಲ. ಹೊಸ ಊರು ಅವರಿಗೆ ಅನುಕೂಲವಾಗಿತ್ತು. ಗುಡ್ಡದ ಹಳ್ಳಿಗೆ ಇನ್ನೊಬ್ಬರು ಬರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟು ದಿನ ಅಲ್ಲಿಯ ಮಾಸ್ತರು ಒಬ್ಬರೇ ಐದು ಕ್ಲಾಸು ನೋಡಿಕೊಂಡರು. ಅದನ್ನು ನಾನು ಬರೆದುಕೊಟ್ಟ ಯಾವ ಹಾಳೆಯೂ ಸರಿ ಮಾಡಲಿಲ್ಲ. ಮಾಲೀಕರು ನನ್ನನ್ನು ಎರಡು ತಿಂಗಳು ಕಂಪ್ಯೂಟರಿನಿಂದ ದೂರ ಇಟ್ಟರು, ಆಮೇಲೆ ತಾವೇ ಕರೆದು ಕೂರಿಸಿದರು. ಮರುವರ್ಷದ ಕೆಲಸ ನಮಗೇ ಬಂತು. ಬಂದ ಪ್ರತಿ ಬಸ್ತಾದ ಷರಾವನ್ನು ನಾನು ಮೊದಲು ಓದಿದೆ, ಆಮೇಲೆ ಹೆಸರು. ಕೆಲಸ ಮೊದಲಿನ ಅರ್ಧದಷ್ಟೂ ಬೇಗ ಸಾಗಲಿಲ್ಲ.

ದಶಕದ ಕೊನೆಗೆ ಒಮ್ಮೆ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಗುಡ್ಡದ ಹಳ್ಳಿಯ ಮಾಸ್ತರು ಸಿಕ್ಕರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಎರಡೂ ಶಾಲೆ ನನ್ನವೇ ಅಂದಿದ್ದ ಹುಡುಗಿಯ ಸುದ್ದಿ ಕೇಳಿದೆ.

"ಆ ಮನಿಯವರು ಕಾಲುವಿ ಕಡೆನ ಉಳದಾರ. ನಮ್ಮ ಸಾಲ್ಯಾಗಿಂದ ದಾಖಲೆ ಕಿತ್ತಿಸಿಕೊಂಡು ಹೋದ್ರು. ಹೆಸರು ನಾನಾ ನನ್ನ ಕೈಲೆ ಹೊಡದು ಹಾಕಿದೆ."

"ಓದ್ತಾ ಅದಾಳೇನ್ರಿ?"

"ಏಳನೇ ತನಕ ಓದಿದ್ಲಂತ ಕೇಳೀನಿ. ಆಮ್ಯಾಲಿಂದು ಗೊತ್ತಿಲ್ಲ ತಂಗಿ. ನನ್ನ ಪುಸ್ತಕದಾಗ ಇಲ್ಲಲ್ಲ ಈಗ."

ಅವರ ಬಸ್ಸು ಬಂತು. ಜನ ನುಗ್ಗಿದರು. ಅವರು ಕಂಕುಳಲ್ಲಿದ್ದ ಚೀಲವನ್ನು ಕಿಟಕಿಯಿಂದ ಸೀಟಿನ ಮೇಲೆ ಹಾಕಿ, ಜನರ ನಡುವೆ ದಾರಿ ಮಾಡಿಕೊಂಡು ಹತ್ತಿದರು. ನಾನು ಮಸ್ಕಿಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಆ ಕಾಲುವೆ ಶಾಲೆಯ ಕಡೆ ಹೋಗುವ ದಢೇಸುಗೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ವಿಚಾರಣೆ ಕಿಟಕಿಯ ಕಡೆ ನಡೆದೆ.